ಬೇಳೆ ಬೇಯದ ನೀರು ಕರಿಬೇವಿಗೂ ಬೇಡ

ನರ್ಸರಿಯಿಂದ ತಂದ ಕರಿಬೇವಿನ ಸಸಿ ಎರಡು ತಿಂಗಳಲ್ಲಿ ಹಳದಿ ತಿರುಗಿತೆಂದರೆ ಒಬ್ಬರು ಗೊಬ್ಬರ ಸುರಿಯುತ್ತಾರೆ, ಇನ್ನೊಬ್ಬರು ದಿನಕ್ಕೆರಡು ಸಲ ನೀರು ಸುರಿಯುತ್ತಾರೆ, ಮತ್ತೊಬ್ಬರು ಗಿಡ ಕಿತ್ತು ಬೇರೆ ಕುಂಡಕ್ಕೆ ಹಾಕುತ್ತಾರೆ. ಎಲೆಯನ್ನು ಕೈಯಲ್ಲಿ ಹಿಡಿದು ನೋಡುವವರು ಮಾತ್ರ ಯಾರೂ ಇಲ್ಲ. ಕೆಳಗಿನ ಹಳೆ ಎಲೆ ಮೊದಲು ಹಳದಿಯಾದರೆ ಗಿಡಕ್ಕೆ ಹೊಟ್ಟೆಗಿಲ್ಲ, ಗೊಬ್ಬರ ಕೊಡಿ. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಹಾಗಂತ ಮಣ್ಣಲ್ಲಿ ಕಬ್ಬಿಣ ಇಲ್ಲವೆಂದಲ್ಲ ಕಣ್ರೀ, ಕೆಂಪು ಮಣ್ಣು ಕೆಂಪಗಿರುವುದೇ ಅದರಿಂದ. ಬೋರ್‌ವೆಲ್ ನೀರಿನ ಸುಣ್ಣ ಕೂತೂ ಕೂತೂ ಕುಂಡದ ಪಿಎಚ್ (ಹುಳಿ-ಕ್ಷಾರದ ಅಳತೆ, ಏಳಕ್ಕಿಂತ ಕಡಿಮೆ ಹುಳಿ, ಹೆಚ್ಚು ಕ್ಷಾರ) ಏಳೂವರೆ ದಾಟಿತೆಂದರೆ ಆ ಕಬ್ಬಿಣ ಕರಗುವುದಿಲ್ಲ. ಎದುರಿಗೇ ಇದ್ದರೂ ಬೇರಿಗೆ ಸಿಗದು. ಮಲ್ಲಿಗೆ, ಕೇಪಳ, ದಾಸವಾಳಕ್ಕೂ ಇದೇ ಗೋಳು.

ಸಸಿಯ ಕುಂಡ ಬದಲಾಯಿಸುವಾಗಲೇ ಅರ್ಧ ತಪ್ಪು ಆಗಿರುತ್ತದೆ. ಹಿಂದಿನವರು ಅಡಿಕೆ ಹಾಳೆಯ ದೊನ್ನೆಯಲ್ಲೋ ತೆಂಗಿನ ಚಿಪ್ಪಿನಲ್ಲೋ ಸಸಿ ಎಬ್ಬಿಸಿ, ಮೋಡ ಕವಿದ ಸಂಜೆ ನೋಡಿ ನೆಡುತ್ತಿದ್ದರು. ಈಗ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ರಜೆ ಸಿಕ್ಕಿತೆಂದು ನೆಡುವುದು! ಬಿಸಿಲು ಇಳಿದ ಮೇಲೆ ನೆಡಿ. ಹಿಂದಿನ ದಿನವೇ ನೀರು ಕೊಟ್ಟಿರಿ. ಕಾಂಡ ಹಿಡಿದು ಎಳೆಯಬೇಡಿ, ಕರಿ ಚೀಲವನ್ನು ಬ್ಲೇಡಿನಲ್ಲಿ ಸೀಳಿ. ಒಳಗಿನ ಮಣ್ಣು ಹೆಂಟೆಯಂತೆ ಗಟ್ಟಿಯಾಗಿದ್ದರೆ ಹಾಗೇ ತುರುಕಬೇಡಿ: ಸುತ್ತ ಹಗುರವಾದ ತೆಂಗಿನ ನಾರಿನ ಪುಡಿ, ನಡುವೆ ಜೇಡಿ ಉಂಡೆ ಇದ್ದರೆ ಹಾಕಿದ ನೀರು ಉಂಡೆಯ ಪಕ್ಕದಿಂದ ಜಾರಿ ಹೋಗುತ್ತದೆ. ಕುಂಡ ಒದ್ದೆ, ಬೇರು ಒಣ. ಉಂಡೆಯನ್ನು ಅರ್ಧ ಗಂಟೆ ನೀರಲ್ಲಿ ಕೂರಿಸಿ, ಹೊರಗಿನ ಕಾಲುಭಾಗ ಮಣ್ಣನ್ನು ಬೆರಳಲ್ಲಿ ಮೆಲ್ಲಗೆ ಉದುರಿಸಿ, ಗುಂಡಗೆ ಸುತ್ತಿಕೊಂಡ ಬೇರು ಬಿಡಿಸಿ. ಹೊಸ ಕುಂಡ ಹಳೆಯದಕ್ಕಿಂತ ಎರಡು ಬೆರಳು ಅಗಲವಿದ್ದರೆ ಸಾಕು. ಅಂಗೈಯಷ್ಟು ಸಸಿಗೆ ಡ್ರಮ್ಮು ಕೊಟ್ಟರೆ ಬೇರು ಮುಟ್ಟದ ಮಣ್ಣು ಹಸಿಯಾಗೇ ಇದ್ದು ಕೊಳೆಯುತ್ತದೆ. ಕಾಂಡ ಮೊದಲು ಎಷ್ಟು ಆಳಕ್ಕಿತ್ತೋ ಅಷ್ಟೇ ಆಳ, ಕಸಿ ಗಿಡವಾದರೆ ಕಸಿಯ ಗಂಟು ಮಣ್ಣಿನ ಮೇಲೆ. ವಾರ ನೆರಳು, ಮೂರು ವಾರ ರಾಸಾಯನಿಕ ಗೊಬ್ಬರ ಬೇಡ. ಹೊಸ ಸಿಮೆಂಟ್ ಕುಂಡವಾದರೆ ವಾರವಿಡೀ ನೀರು ತುಂಬಿಸಿ, ದಿನಾ ಚೆಲ್ಲಿ, ಮತ್ತೆ ತುಂಬಿಸಿ. ಸಿಮೆಂಟು ಸುಣ್ಣ ಬಿಡುತ್ತದೆ, ಅಂಗಡಿಯವರು ಅದನ್ನು ಹೇಳುವುದಿಲ್ಲ.

ಇನ್ನು ನೀರು. ಯಾವ ನೀರಲ್ಲಿ ತೊಗರಿಬೇಳೆ ಎಷ್ಟು ಕೂಗಿಸಿದರೂ ನುಣ್ಣಗಾಗುವುದಿಲ್ಲವೋ, ಸೋಪು ನೊರೆ ಬರುವುದಿಲ್ಲವೋ, ಆ ನೀರು ಎಳೆ ಸಸಿಗೂ ಆಗದು. ಹಂಚಿನ ಮನೆಗಳಲ್ಲಿ ಸೂರಿನಡಿ ಹಂಡೆ ಇಟ್ಟು ಮಳೆನೀರು ಹಿಡಿಯುತ್ತಿದ್ದುದು ಸುಮ್ಮನೆ ಅಲ್ಲ. ಬರೀ ಪಿಎಚ್ ಅಳೆದು ಸಮಾಧಾನ ಪಡಬೇಡಿ. ನೀರಿನಲ್ಲಿ ಕರಗಿರುವ ಸುಣ್ಣವೇ ಮುಖ್ಯ. ಒಂದು ತಂಬಿಗೆ ನೀರು ಪೂರ್ತಿ ಇಂಗುವವರೆಗೆ ಕುದಿಸಿ, ತಳದಲ್ಲಿ ಬಿಳಿ ಪದರ ದಪ್ಪಗಿದ್ದರೆ ನೀರಿಗೆ ಹುಳಿ ಹಾಕಲೇಬೇಕು.

ಹುಳಿ ಹಾಕುವುದಕ್ಕೂ ಒಂದು ಕ್ರಮ ಇದೆ, ಇದರಲ್ಲಿ ಮಾತ್ರ ಸೋಮಾರಿತನ ಸಲ್ಲದು. ಹತ್ತು ಲೀಟರಿನ ಪ್ಲಾಸ್ಟಿಕ್ ಬಕೆಟ್ ತೆಗೆದುಕೊಳ್ಳಿ. ತಾಮ್ರ, ಹಿತ್ತಾಳೆ ಪಾತ್ರೆ ಬೇಡ, ಹುಳಿಗೆ ಲೋಹ ಬಿಡುತ್ತದೆ. ರಸವಿರುವ ನಿಂಬೆಹಣ್ಣು ಎರಡು, ಬೀಜ ತೆಗೆದು ಸೋಸಿ. ಇಲ್ಲವೇ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಅರ್ಧ ಟೀ ಚಮಚ. ಒಮ್ಮೆಗೇ ಸುರಿಯದೆ ಅರ್ಧ ಹಾಕಿ, ಕೋಲಿನಿಂದ ಚೆನ್ನಾಗಿ ಕದಡಿ. ಸಣ್ಣ ಗುಳ್ಳೆ ಏಳಬಹುದು, ಅದು ಸುಣ್ಣದ ಅಂಶ ಒಡೆದು ಗಾಳಿಯಾಗಿ ಹೋಗುತ್ತಿರುವ ಗುರುತು. ತಕ್ಷಣ ಅಳೆದರೆ ಮೋಸ ಹೋಗುತ್ತೀರಿ, ಗಾಳಿ ಪೂರ್ತಿ ಹೋಗುವ ತನಕ ಪಿಎಚ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಅರ್ಧ ಗಂಟೆ ಬಿಟ್ಟು, ಮತ್ತೆ ಕದಡಿ, ಆಮೇಲೆ ಅಳೆಯಿರಿ. ಆರರಿಂದ ಆರೂವರೆಯೊಳಗೆ ಬರುವವರೆಗೆ ಉಳಿದ ಹುಳಿಯನ್ನು ಚೂರುಚೂರೇ ಸೇರಿಸಿ. ಐದೂವರೆಗಿಂತ ಕೆಳಗಿಳಿಸಬೇಡಿ, ಹುಳಿ ಅತಿಯಾದರೆ ಎಳೆ ಬೇರಿನ ತುದಿ ಸುಡುತ್ತದೆ. ನಲ್ಲಿಯಲ್ಲಿ ಬರುವ ಕಾವೇರಿ ನೀರಿಗೆ ಇಷ್ಟು ಹಾಕಬೇಡಿ, ಅದರಲ್ಲಿ ತಡೆಯುವ ಸುಣ್ಣ ಕಡಿಮೆ, ಥಟ್ಟನೆ ಇಳಿದುಬಿಡುತ್ತದೆ. ಅಳೆಯಲು ಲಿಟ್ಮಸ್ ಸಾಲದು, ಅದು ಹುಳಿಯೋ ಕ್ಷಾರವೋ ಅಷ್ಟೇ ಹೇಳುತ್ತದೆ. ಬಣ್ಣದ ಪಟ್ಟಿಯಿರುವ ಪಿಎಚ್ ಕಾಗದವಾಗಲಿ, ಮೀನಿನ ಅಕ್ವೇರಿಯಂ ಅಂಗಡಿಯ ಹನಿ ಕಿಟ್ ಆಗಲಿ ತನ್ನಿ. ಮಣ್ಣಿಗೆ ಚುಚ್ಚುವ ಸೂಜಿಯ ಮೀಟರು ಆಟದ ಸಾಮಾನು. ಹುಳಿ ಹಾಕಿದ ನೀರನ್ನು ಅಂದೇ ಮುಗಿಸಿ, ಇಟ್ಟರೆ ಪಿಎಚ್ ಮೆಲ್ಲಗೆ ಮೇಲೇರುತ್ತದೆ. ಬೇರಿನ ಉಂಡೆ ನೆನೆಸಲೂ, ನೆಟ್ಟ ಮೇಲಿನ ಮೊದಲ ನೀರಿಗೂ ಇದೇ ನೀರು. ಹಾಕಿದಾಗ ತಳದಿಂದ ಸ್ವಲ್ಪ ಹರಿದು ಹೋಗಲಿ, ಉಪ್ಪು ಒಳಗೆ ಕೂರಬಾರದು. ಹಿಂಡಿದ ಸಿಪ್ಪೆ ಎಸೆಯಬೇಡಿ, ಉಪ್ಪಲ್ಲಿ ಅದ್ದಿ ದೇವರ ಮನೆಯ ಹಿತ್ತಾಳೆ ದೀಪದ ಕಂಬ ಉಜ್ಜಿ. ಉಜ್ಜಿದ ತಕ್ಷಣ ತೊಳೆದು ಒಣಬಟ್ಟೆಯಲ್ಲಿ ಒರೆಸಿ, ಹಾಗೇ ಬಿಟ್ಟು ಮಾರನೇ ದಿನ ಕಿಲುಬು ಬಂತೆಂದು ದೂರಬೇಡಿ.

ಆರ್‌ಒ ಯಂತ್ರ ಹೊರಬಿಡುವ ನೀರನ್ನು ಉಳಿತಾಯವೆಂದು ಕುಂಡಕ್ಕೆ ಸುರಿಯುವವರಿಗೆ ಏನು ಹೇಳುವುದು! ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಅದರಲ್ಲೇ ಇದೆ. ಅದರಲ್ಲಿ ನೆಲ ಒರೆಸಿ. ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ನೀರೂ ಬೇಡ, ಅದರಲ್ಲಿ ಸುಣ್ಣದ ಜಾಗಕ್ಕೆ ಸೋಡಿಯಂ ಬಂದಿರುತ್ತದೆ. ಒಲೆ ಬೂದಿ ಕ್ಷಾರ, ಹಳದಿ ಗಿಡಕ್ಕೆ ಹಾಕಿದರೆ ಇನ್ನೂ ಕೆಡುತ್ತದೆ. ಕಾಫಿ ಚರಟ ಹುಳಿ ಎಂದುಕೊಂಡು ರಾಶಿ ಹಾಕುತ್ತೀರಲ್ಲ, ಡಿಕಾಕ್ಷನ್ ಇಳಿದ ಮೇಲೆ ಅದರಲ್ಲಿ ಹುಳಿ ಹೆಚ್ಚೇನೂ ಉಳಿದಿರುವುದಿಲ್ಲ.

ಮಣ್ಣು ನೋಡದೆ ಮಾತ್ರ ಇದೆಲ್ಲ ಮಾಡಬೇಡಿ. ಒಣ ಮಣ್ಣು ಒಂದು ಪಾಲು, ಮಳೆನೀರು ಅಥವಾ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಎರಡೂವರೆ ಪಾಲು ಕದಡಿ, ಅರ್ಧ ಗಂಟೆ ಬಿಟ್ಟು ಮೇಲಿನ ತಿಳಿಯಲ್ಲಿ ಕಾಗದ ಅದ್ದಿ. ಮಲೆನಾಡು, ಕರಾವಳಿಯ ಮಣ್ಣು ಮೊದಲೇ ಹುಳಿ, ಅಲ್ಲಿ ತೋಟಕ್ಕೆ ಸುಣ್ಣ ಹಾಕುತ್ತಾರೆ. ನಿಂಬೆ ಹಿಂಡಲು ಹೋಗಬೇಡಿ. ಉತ್ತರ ಕರ್ನಾಟಕದ ಕಪ್ಪು ಮಣ್ಣಿಗೆ ಒಂದು ಹನಿ ವಿನೆಗರ್ ಬಿಟ್ಟು ಕಿವಿ ಹತ್ತಿರ ಹಿಡಿಯಿರಿ, ಚುರ್ ಎಂದರೆ ಸುಣ್ಣವಿದೆ. ಅಂಥ ಮಣ್ಣನ್ನು ಹುಳಿ ಮಾಡಲು ಗಂಧಕ ಹಾಕಿ ಹಾಕಿ ಸೋಲುವ ಬದಲು ಕುಂಡಕ್ಕೆ ಬೇರೆ ಮಣ್ಣು ತನ್ನಿ.

ಆಗಲೇ ಹಳದಿಯಾದ ಗಿಡಕ್ಕೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಲೀಟರಿಗೆ ಒಂದು ಟೀ ಚಮಚಕ್ಕಿಂತ ಕಡಿಮೆ, ಜೊತೆಗೆ ಚಿಟಿಕೆ ನಿಂಬೆ ಉಪ್ಪು, ಸಂಜೆ ಎಲೆಗೆ ಸಿಂಪಡಿಸಿ. ಎಳೆ ಸಸಿಗೆ ಅದರ ಅರ್ಧ. ಕೆಳಗೆ ಗೋಣಿ ಹಾಸಿ, ಟೈಲ್ಸ್ ಮೇಲೆ ಬಿದ್ದ ತುಕ್ಕಿನ ಕಲೆ ಸುಲಭಕ್ಕೆ ಹೋಗದು. ಹತ್ತು ಹನ್ನೆರಡು ದಿನ ಬಿಟ್ಟು ಮತ್ತೊಮ್ಮೆ. ಹಳದಿಯಾದ ಎಲೆ ಪೂರ್ತಿ ಹಸಿರಾಗಲಿ ಎಂದು ಕಾಯುತ್ತ ಕೂರಬೇಡಿ, ಮುಂದೆ ಬರುವ ಚಿಗುರಿನ ಬಣ್ಣ ನೋಡಿ.