ನವನಗರದಿಂದ ಮೈಸೂರಿಗೆ ಮನೆ ಸಾಮಾನು ಸಾಗಿಸಿದ್ದು

ಕಳೆದ ಮೇ ತಿಂಗಳಲ್ಲಿ ಬಾಗಲಕೋಟೆಯ ನವನಗರದಿಂದ ಮೈಸೂರಿಗೆ ಇಡೀ ಮನೆಯ ಸಾಮಾನು ಸಾಗಿಸಿದೆವು. ಐನೂರು ಕಿಲೋಮೀಟರಿಗೂ ಜಾಸ್ತಿ ದಾರಿ. ಆಮೇಲೆ ವರ್ಗ ಆದ ಗೆಳೆಯರೆಲ್ಲ ಫೋನ್ ಮಾಡಿ ಮೊದಲು ಕೇಳುವುದು ಒಂದೇ: "ಎಷ್ಟು ತಗೊಂಡ್ರು?" ರೇಟು ಹೇಳುತ್ತೇನೆ, ಮುಚ್ಚಿಡುವಂಥದ್ದೇನಿಲ್ಲ. ಆದರೆ ನಾನು ಗಾಡಿ ಆರಿಸಿದ್ದು ರೇಟು ನೋಡಿ ಅಲ್ಲ. ನಮ್ಮ ಸಾಮಾನನ್ನು ದಾರಿಯಲ್ಲಿ ಎಷ್ಟು ಸಲ ಇಳಿಸಿ ಮತ್ತೆ ಏರಿಸುತ್ತಾರೆ ಅನ್ನುವುದನ್ನು ನೋಡಿ.

ಸರಿಯಾಗಿ ಕಟ್ಟಿದ ಸಾಮಾನು ಓಡುವ ಗಾಡಿಯಲ್ಲಿ ಅಷ್ಟಾಗಿ ಕೆಡುವುದಿಲ್ಲ. ಮಂಚದ ಕಾಲು ಮುರಿಯುವುದು, ತಿಜೋರಿಯ (ಕಬ್ಬಿಣದ ಬೀರುವಿನ) ಮೂಲೆ ಜಜ್ಜುವುದು, ಕನ್ನಡಿ ಒಡೆಯುವುದು ಎಲ್ಲ ಏರಿಸುವಾಗ, ಇಳಿಸುವಾಗ. ಮನೆ ಮುಂದೆ ಏರಿಸಿ ಹೊಸ ಮನೆ ಮುಂದೆ ಇಳಿಸಿದರೆ ಎರಡೇ ಸಲ ಕೈ ತಾಗುತ್ತದೆ. ನಡುವೆ ಒಂದು ಗೋಡೌನ್ ಬಂದರೆ ನಾಲ್ಕು ಸಲ. ಎರಡು ಗೋಡೌನ್ ಬಂದರೆ ಆರು. ಅದೂ ನಾವು ನಿಂತು ನೋಡುವ ಜಾಗದಲ್ಲಿ ಅಲ್ಲ.

ಗಾಡಿ ಹುಡುಕುವ ಮೊದಲು ನಾನು ಅಳತೆ ಟೇಪು ಹಿಡಿದೆ. ಮನೆಯವಳು ನಕ್ಕಳು. ಆದರೆ ಲಾರಿಯವರು ಮಾತಾಡುವುದೇ ಅಡಿ ಲೆಕ್ಕದಲ್ಲಿ: ಏಳಡಿ ಟಾಟಾ ಏಸ್, ಹದಿನಾಲ್ಕಡಿ ಐಷರ್, ಹದಿನೇಳಡಿ, ಹತ್ತೊಂಬತ್ತಡಿ. ನಮ್ಮ ಸಾಮಾನು ಎಷ್ಟಡಿ ಅಂತ ನಮಗೇ ಗೊತ್ತಿಲ್ಲದಿದ್ದರೆ ಅವರು ಹೇಳಿದ ಗಾಡಿಗೆ ಹೂಂ ಅನ್ನಬೇಕಾಗುತ್ತದೆ. ಹದಿನಾಲ್ಕಡಿ ಗಾಡಿ ಅಂದರೆ ಹೆಚ್ಚುಕಡಿಮೆ ಆರಡಿ ಅಗಲ, ಆರಡಿ ಎತ್ತರ ಹಿಡಿಯಿರಿ. ಸುಮಾರು 500 ಘನ ಅಡಿ. ಬಾಡಿಗೆ 21,000 ಆದರೆ ಒಂದು ಘನ ಅಡಿಗೆ 42 ರೂಪಾಯಿ ಬೀಳುತ್ತದೆ. ನಮ್ಮ ಮೂರು ಸೀಟಿನ ಸೋಫಾ ಆರೂವರೆ ಅಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರ. ಅದರ ಟಿಕೆಟ್ ದರ ಸುಮಾರು 2,450 ರೂಪಾಯಿ! ಒಳಗಿನ ಸ್ಪಂಜು ಕುಸಿದು, ಕೂತರೆ ಪಟ್ಟಿ ಚುಚ್ಚುತ್ತಿದ್ದ ಸೋಫಾ ಅದು. ಅಲ್ಲೇ ಕೊಟ್ಟುಬಿಟ್ಟೆವು.

ಒಂದು ಮಾತು ಇಲ್ಲಿ ಹೇಳಬೇಕು. ಒಂದು ಸಾಮಾನು ಬಿಟ್ಟ ತಕ್ಷಣ ದುಡ್ಡು ಉಳಿಯುವುದಿಲ್ಲ. ಬಿಟ್ಟಿದ್ದೆಲ್ಲ ಕೂಡಿ ಗಾಡಿ ಒಂದು ಸೈಜು ಚಿಕ್ಕದಾದರೆ ಮಾತ್ರ ಉಳಿತಾಯ. ನಮ್ಮ ಮೊದಲ ಪಟ್ಟಿಗೆ ಹದಿನೇಳಡಿ ಬೇಕಿತ್ತು. ಸೋಫಾ, ಪ್ಲೈವುಡ್ ದಿವಾನ, ಕಂಪ್ಯೂಟರ್ ಟೇಬಲ್, ಸಿಂಟೆಕ್ಸ್ ಟ್ಯಾಂಕು ಬಿಟ್ಟ ಮೇಲೆ ಹದಿನಾಲ್ಕಕ್ಕೆ ಬಂತು. ಮರದ ಪುಡಿ ಒತ್ತಿ ಮಾಡಿದ ಅಗ್ಗದ ಬೋರ್ಡಿನ ಸಾಮಾನನ್ನು ಬಿಚ್ಚಿ ಮತ್ತೆ ಜೋಡಿಸಿದರೆ ಸ್ಕ್ರೂ ಹಿಡಿಯುವುದಿಲ್ಲ, ತೂತು ಸಡಿಲಾಗಿ ಅಲ್ಲಾಡುತ್ತದೆ. ಅಂಥದ್ದನ್ನು ದೂರ ಒಯ್ಯುವುದು ಸುಮ್ನೆ ದಂಡ.

ಅವ್ವನದು ಬೇರೆ ವಾದ. ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬಂದವರು ನಾವು. ಆಗ ಬಾಗಿಲ ಚೌಕಟ್ಟು, ತೊಲೆ ಸಹಿತ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದಿದ್ದರು. "ಆಗ ಕಟ್ಟಿಗಿ ಚೂರು ಸಹಿತ ಬಿಟ್ಟಿದ್ದಿಲ್ಲ, ಈಗ ಸೋಫಾ ಬಿಡ್ತಿ?" ಅಂದಳು. ಆವಾಗ ದಾರಿ ಕೆಲವೇ ಕಿಲೋಮೀಟರ್, ಟ್ರ್ಯಾಕ್ಟರ್ ಎಷ್ಟು ಸಲ ಬೇಕಾದರೂ ಹೋಗಿ ಬರುತ್ತಿತ್ತು. ಕೊನೆಗೆ ಅವ್ವನ ಸಾಗವಾನಿ ಮಂಚ, ಹಿತ್ತಾಳೆ ಸರಪಳಿಯ ತೂಗುಮಣೆ, ಹಳೆ ಟ್ರಂಕು ಇವಕ್ಕೆ ಎದುರು ಮಾತಾಡದೆ ರಾಜಿ ಮಾಡಿಕೊಂಡೆವು. ಆ ಮಂಚ ಇವತ್ತು ಮಾಡಿಸಬೇಕೆಂದರೆ ಗಾಡಿ ಬಾಡಿಗೆಗಿಂತ ಎಷ್ಟೋ ಪಟ್ಟು ಖರ್ಚು, ಆದ್ದರಿಂದ ಲೆಕ್ಕದಲ್ಲೂ ಅವ್ವನದೇ ಸರಿ.

ಈಗ ಗಾಡಿ ವಿಷಯ. ನಮ್ಮ ಕಡೆ ಟ್ರಾನ್ಸ್‌ಪೋರ್ಟ್ ಅಂದರೆ ಮೊದಲು ನೆನಪಾಗುವುದು ಪಾರ್ಸಲ್ ಲಾರಿ. 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಶುರುವಾದ ವಿಆರ್‌ಎಲ್ ಕಥೆ ಕೇಳುತ್ತಲೇ ಬೆಳೆದವರಲ್ವಾ ನಾವು. ಬುಕಿಂಗ್ ಆಫೀಸಿಗೆ ಒಯ್ದು ಹಾಕಿದರೆ ಅಲ್ಲಿ ತಲುಪುತ್ತದೆ, ಇಡೀ ಲಾರಿ ಬೇಕಾಗಿಲ್ಲ. ಪುಸ್ತಕ, ಪಾತ್ರೆ, ಬಟ್ಟೆ ಗಂಟಿಗೆ ಇದು ಸೋವಿ ದಾರಿ. ಆದರೆ ಪಾರ್ಸಲ್ ಲಾರಿಗಳ ಪದ್ಧತಿಯೇ ಊರಿನ ಮಾಲನ್ನು ದೊಡ್ಡ ಗೋಡೌನಿಗೆ ಒಯ್ದು, ಅಲ್ಲಿ ಬೇರ್ಪಡಿಸಿ, ಮತ್ತೊಂದು ಲಾರಿಗೆ ಹಾಕುವುದು. ಮಂಚ, ತೂಗುಮಣೆಗೆ ಅದು ಆಗಿಬರುವುದಿಲ್ಲ. ಹಗುರಾಗಿದ್ದು ಜಾಗ ತಿನ್ನುವ ಸಾಮಾನಿಗೆ ತೂಕ ಬಿಟ್ಟು ಅಳತೆ ಮೇಲೆ ದರ ಹಾಕುತ್ತಾರೆ, ಆಗ ಸೋವಿಯೂ ಆಗುವುದಿಲ್ಲ.

ಜೊತೆಗೆ ಕಾನೂನಿನ ಒಂದು ಅಂಶ. 2007ರ ರಸ್ತೆ ಸಾಗಣೆ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ, ಜಾಸ್ತಿ ಬೆಲೆ ಬರೆಸಿ ಅದಕ್ಕೆ ತಕ್ಕ ದರ ಕೊಡದಿದ್ದರೆ, ಟ್ರಾನ್ಸ್‌ಪೋರ್ಟಿನವರು ನಷ್ಟಕ್ಕೆ ಕೊಡಬೇಕಾದ್ದು ಬಾಡಿಗೆಯ ಹತ್ತು ಪಟ್ಟಿನವರೆಗೆ ಮಾತ್ರ. 3,000 ರೂಪಾಯಿ ಬಾಡಿಗೆ ಕೊಟ್ಟು ಲಕ್ಷದ ಸಾಮಾನು ಕಳಿಸಿದರೆ, ಕಳೆದುಹೋದಾಗ ಸಿಗುವ ಮಿತಿ 30,000. ದೂರು ಲಿಖಿತವಾಗಿ ಬುಕಿಂಗ್ ಆದ 180 ದಿನದೊಳಗೆ ಕೊಡಬೇಕು. ಎಲ್‌ಆರ್ ಚೀಟಿ, ಅಂದರೆ ಬುಕಿಂಗ್ ಮಾಡಿದಾಗ ಕೊಡುವ ಲಾರಿ ರಸೀದಿ, ಜೋಪಾನ ಮಾಡುವುದು ಅದಕ್ಕೇ.

ಪ್ಯಾಕರ್ಸ್ ಅಂಡ್ ಮೂವರ್ಸ್‌ನವರನ್ನೂ ಕೇಳಿದೆ. ಒಬ್ಬರು ಮನೆಗೆ ಬಂದು ಪ್ರತಿ ಕೋಣೆ ನೋಡಿ 52,000 ಅಂದರು. ಇನ್ನೊಬ್ಬರು ಫೋನಿನಲ್ಲೇ 26,000 ಅಂದರು. ಅರ್ಧಕ್ಕರ್ಧ ವ್ಯತ್ಯಾಸ! ಎರಡನೆಯವರಿಗೆ ಒಂದೇ ಪ್ರಶ್ನೆ ಕೇಳಿದೆ: "ಇಲ್ಲಿ ತುಂಬಿದ ಗಾಡೀನ ಮೈಸೂರತನಾ ಬರ್ತದೇನ್ರಿ?" ಸ್ವಲ್ಪ ತಡೆದು ಉತ್ತರ ಬಂತು: "ಇಲ್ರಿ ಸರ, ಬೆಂಗಳೂರಾಗ ನಮ್ಮ ಗೋಡೌನ್ ಐತಿ. ಅಲ್ಲಿಂದ ಬ್ಯಾರೆ ಗಾಡಿ." ಅಲ್ಲಿಗೆ ಆ ರೇಟಿನ ಗುಟ್ಟು ಗೊತ್ತಾಯಿತು. 52,000ದವರು ನೇರ ಗಾಡಿ ಕೊಡುತ್ತಿದ್ದರು, ಕೆಲಸವೂ ನೀಟಾಗಿ ಮಾಡುವವರಂತೆ ಕಂಡರು. ಆದರೆ ಸಾಮಾನಿನ ಬೆಲೆಯ ಮೇಲೆ ಶೇಕಡಾ 3 'ಇನ್ಶೂರೆನ್ಸ್' ಅಂತ ಸೇರಿಸಿದ್ದರು. ನನ್ನ ಹೆಸರಿನ ಪಾಲಿಸಿ ಕಾಪಿ ಕೊಡುತ್ತೀರಾ ಅಂದರೆ, ಅದು ನಮ್ಮದೇ ರಿಸ್ಕ್ ಕವರ್ ಅಂದರು. ವಿಮಾ ಕಂಪನಿಯ ಪಾಲಿಸಿ ಬೇರೆ, ಮೂವರ್ಸ್‌ನವರ ಬಾಯಿಮಾತಿನ ಭರವಸೆ ಬೇರೆ. ಇಷ್ಟನ್ನು ಮಾತ್ರ ಯಾರೂ ಕೇಳದೆ ಬಿಡಬೇಡಿ.

ರೈಲನ್ನು ಬೈಕಿಗೆ ಮಾತ್ರ ಬಳಸಿದೆ. ಬಸವ ಎಕ್ಸ್‌ಪ್ರೆಸ್ ಹೊರಡುವುದು ಬಾಗಲಕೋಟೆಯಿಂದಲೇ, ಮುಗಿಯುವುದು ಮೈಸೂರಿನಲ್ಲಿ. ಸೊಲ್ಲಾಪುರ, ಕಲಬುರಗಿ, ರಾಯಚೂರು ಅಂತ ಲೋಕ ಸುತ್ತಿ ಹೋಗುತ್ತದೆ ನಿಜ. ಆದರೆ ಎರಡೂ ತುದಿಯಲ್ಲಿ ಗಾಡಿ ನಿಂತಿರುವುದರಿಂದ ಏರಿಸಲು ಇಳಿಸಲು ಪುರಸೊತ್ತು ಸಿಗುತ್ತದೆ. ಎರಡು ನಿಮಿಷ ನಿಲ್ಲುವ ಸ್ಟೇಷನ್ನಿನಲ್ಲಿ ಆ ಅನುಕೂಲ ಇಲ್ಲ. ಟ್ಯಾಂಕಿನ ಪೆಟ್ರೋಲ್ ಪೂರ್ತಿ ತೆಗೆಯಬೇಕು, ಆರ್‌ಸಿ ಮತ್ತು ಗುರುತಿನ ಚೀಟಿಯ ಕಾಪಿ ಬೇಕು, ಗೋಣಿತಟ್ಟು ಸುತ್ತಿಸಬೇಕು. ತಲುಪಿದ ಮೇಲೆ ಬೇಗ ಬಿಡಿಸಿಕೊಳ್ಳದಿದ್ದರೆ ದಂಡದ ಬಾಡಿಗೆ ಬೀಳುತ್ತದೆ.

ಉಳಿದದ್ದೆಲ್ಲಕ್ಕೆ ಒಂದಿಡೀ ಗಾಡಿ, ಅದೂ ರಿಟರ್ನ್ ಗಾಡಿ. ಮೈಸೂರು, ಬೆಂಗಳೂರು ಕಡೆಯಿಂದ ನವನಗರದ ಅಂಗಡಿಗಳಿಗೆ ಮಾಲು ತಂದ ಲಾರಿ ವಾಪಸ್ ಹೋಗುವಾಗ ಲೋಡಿಗಾಗಿ ಕಾಯುತ್ತದೆ. ಖಾಲಿ ಹೋದರೆ ಡೀಸೆಲ್ ಅವನ ತಲೆ ಮೇಲೆ, ಆದ್ದರಿಂದ ಕಡಿಮೆಗೆ ಒಪ್ಪುತ್ತಾನೆ. ಇಲ್ಲಿಂದಲೇ ಗಾಡಿ ಮಾಡಿದರೆ ಅದು ಖಾಲಿ ವಾಪಸ್ ಬರುವ ಖರ್ಚನ್ನೂ ನಾವೇ ಕೊಟ್ಟಂತೆ. ನಮ್ಮೂರಿನ ಲಾರಿಯವರು 30,000ದ ಮೇಲೆ ಹೇಳಿದರೆ, ಮೈಸೂರಿನ ರಿಟರ್ನ್ ಗಾಡಿ 21,000ಕ್ಕೆ ಸಿಕ್ಕಿತು. ಇದಕ್ಕೆ ತಾರೀಖಿನ ಹಟ ಬಿಡಬೇಕು. ನಾವು ಎಲ್ಲ ಕಟ್ಟಿಟ್ಟುಕೊಂಡು ಟ್ರಾನ್ಸ್‌ಪೋರ್ಟ್ ಆಫೀಸಿನವರ ಫೋನಿಗೆ ಕಾದೆವು. ಈ ನಡುವೆ ಅಮಾವಾಸ್ಯೆ ಬಂತು. ಅವತ್ತು ಗಾಡಿ ಪೂಜೆ, ಡ್ರೈವರುಗಳು ಲೋಡ್ ಮುಟ್ಟಲು ಮನಸ್ಸು ಮಾಡುವುದಿಲ್ಲ.

ಕಾಲವೂ ಮುಖ್ಯ. ನಮ್ಮ ಜಿಲ್ಲೆಯಲ್ಲಿ ಕಬ್ಬು ಕಟಾವು ಜೋರಿರುವಾಗ ಲಾರಿಯೂ ಇಲ್ಲ, ಹಮಾಲರೂ ಇಲ್ಲ. ಮೇ ತಿಂಗಳಲ್ಲಿ ಗಾಡಿ ಸುಲಭ, ಆದರೆ ಕೃತ್ತಿಕಾ ಮಳೆ ಯಾವ ಸಂಜೆ ಬೀಳುತ್ತದೋ ಹೇಳಲಾಗದು. ತಾಡಪತ್ರಿ ತೂತಿದೆಯಾ ಅಂತ ಗಾಡಿ ಬಂದ ಕೂಡಲೇ ಬಿಚ್ಚಿಸಿ ನೋಡಿದೆ. ಡ್ರೈವರ್ ಅಣ್ಣ ಬೇಜಾರು ಮಾಡಿಕೊಳ್ಳಲಿಲ್ಲ. "ನೋಡ್ಕಳಿ ಸಾರ್, ಹೊಸದು" ಅಂದ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. 50,000ಕ್ಕಿಂತ ಜಾಸ್ತಿ ಬೆಲೆಯ ಮಾಲಿಗೆ ಇ-ವೇ ಬಿಲ್ (ಮಾಲು ಸಾಗಿಸಲು ಜಿಎಸ್‌ಟಿಯ ಆನ್‌ಲೈನ್ ಚೀಟಿ) ಬೇಕು ಅಂತ ಹೆದರಿಸುತ್ತಾರೆ. ಬಳಸಿದ ಮನೆ ಸಾಮಾನಿಗೆ ಅದರಿಂದ ವಿನಾಯಿತಿ ಇದೆ. ಸಾಮಾನಿನ ಪಟ್ಟಿಗೆ ಸಹಿ ಹಾಕಿ, ವರ್ಗಾವಣೆ ಆದೇಶದ ಕಾಪಿ ಜೊತೆ ಡ್ರೈವರ್ ಕೈಗೆ ಕೊಟ್ಟೆ. ಗ್ಯಾಸ್ ಸಿಲಿಂಡರ್ ಒಯ್ಯಲಿಲ್ಲ. ಏಜೆನ್ಸಿಗೆ ಒಪ್ಪಿಸಿ ವೋಚರ್ ತಗೊಂಡೆ.

ಇನ್ನು ಕಟ್ಟುವ ಕೆಲಸ. ಅವ್ವನ ಮಂಚಕ್ಕೆ ಒಂದೂ ಸ್ಕ್ರೂ ಇಲ್ಲ, ಎಲ್ಲ ಗೂಟದ ಜೋಡಣೆ. ಬಡಿಗೇರ ಕಾಕಾನನ್ನೇ ಕರೆಸಿದೆ. ಆತ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಕಟ್ಟಿಗೆ ಮೇಲಿಟ್ಟು, ಅದರ ಮೇಲೆ ಮರದ ಕೊಡತಿಯಿಂದ ಹೊಡೆದು ಒಂದೊಂದೇ ಗೂಟ ಸಡಿಲು ಮಾಡಿದ. ಬಿಚ್ಚುವ ಮೊದಲೇ ಪ್ರತಿ ಕೂಡಿನ ಎರಡೂ ಬದಿಗೆ ಪೆನ್ಸಿಲಿನಿಂದ ಒಂದೇ ಅಂಕಿ ಬರೆದ. ಸೀಮೆಸುಣ್ಣ ಕೊಟ್ಟೆ, ಬೇಡ ಅಂದ. "ಅದು ದಾರ್ಯಾಗ ಅಳಸತೈತಿ ತಮ್ಮಾ. ಅಲ್ಲಿ ಬಡಿಗ ಯಾವ ಕಾಲು ಯಾ ಕಡಿ ಅಂತ ಹುಡುಕಬೇಕು?" ಗೂಟಗಳನ್ನು ಚೀಲದಲ್ಲಿ ಹಾಕಿ ಮಂಚದ ಪಟ್ಟಿಗೇ ಬಿಗಿದ. ಪಾಲಿಶ್ ಮಾಡಿದ ಕಟ್ಟಿಗೆಗೆ ನೇರವಾಗಿ ಪ್ಲಾಸ್ಟಿಕ್ ಸುತ್ತಬಾರದು ಅಂತ ಹೇಳಿದ್ದೂ ಆತನೇ. ನಮ್ಮ ಮೇ ಬಿಸಿಲಿಗೆ ಪಾಲಿಶ್ ಮೆತ್ತಗಾಗಿ ಪ್ಲಾಸ್ಟಿಕ್ಕಿಗೆ ಅಂಟಿ ಕಲೆ ಉಳಿಯುತ್ತದೆ. ಮೊದಲು ಕೌದಿ, ಅದರ ಮೇಲೆ ಪ್ಲಾಸ್ಟಿಕ್. ಹಗ್ಗ ಬಿಗಿಯುವ ಅಂಚಿಗೂ ಕೌದಿಯ ತುಂಡು. ಬಬಲ್ ರ‍್ಯಾಪ್ ಕನ್ನಡಿಗೆ ಮತ್ತು ಟಿವಿಗೆ ಮಾತ್ರ ತಂದೆವು. ಮನೆಯಲ್ಲಿ ಅಷ್ಟೊಂದು ಹಳೆ ಕೌದಿ ಇರುವಾಗ ಬೇರೆ ಯಾಕೆ?

ಲೋಡ್ ಮಾಡುವಾಗ ನಾನು ಗಾಡಿ ಬಿಟ್ಟು ಅಲ್ಲಾಡಲಿಲ್ಲ. ಕ್ಯಾಬಿನ್ ಕಡೆ ಮೊದಲು ತಿಜೋರಿ, ನೆಟ್ಟಗೆ ನಿಲ್ಲಿಸಿ, ಒಳಗೆಲ್ಲ ಖಾಲಿ ಮಾಡಿ, ಕನ್ನಡಿ ಇರುವ ಬಾಗಿಲಿಗೆ ಗಾದಿ ಒತ್ತಿ. ಅದರ ಪಕ್ಕ ಫ್ರಿಜ್, ಅದೂ ನೆಟ್ಟಗೆ. ಹಮಾಲರು ಜಾಗ ಉಳಿಯುತ್ತದೆ ಅಂತ ಮಲಗಿಸಲು ನೋಡಿದರು, ಬಿಡಲಿಲ್ಲ. ಮಲಗಿಸಿದರೆ ಕಂಪ್ರೆಸರ್ ಎಣ್ಣೆ ಕೊಳವೆಗೆ ಹರಿಯುತ್ತದೆ. ಹಿಂದಿನ ದಿನವೇ ಆಫ್ ಮಾಡಿ ಒರೆಸಿ ಒಣಗಿಸಿದ್ದೆವು, ಮೈಸೂರಿನಲ್ಲಿ ಇಳಿಸಿದ ಮೇಲೂ ಕೆಲವು ತಾಸು ಸುಮ್ನೆ ನಿಲ್ಲಿಸಿ ಆಮೇಲೆ ಪ್ಲಗ್ ಹಾಕಿದೆವು. ಮುಂದೆ ಬಾಗಿಲಿರುವ ವಾಷಿಂಗ್ ಮಷಿನ್‌ಗೆ ಕೊಳ್ಳುವಾಗ ಹಿಂದೆ ಡ್ರಮ್ ಹಿಡಿಯುವ ಬೋಲ್ಟ್ ಬಂದಿರುತ್ತದೆ. ಎಸೆಯದೆ ಇಟ್ಟಿದ್ದರೆ ಅದನ್ನೇ ಮತ್ತೆ ಹಾಕಿ. ಇನ್ವರ್ಟರ್ ಬ್ಯಾಟರಿ ನೆಟ್ಟಗೆ ಒಂದು ಪ್ಲಾಸ್ಟಿಕ್ ಟಬ್ಬಿನಲ್ಲಿ, ಬಟ್ಟೆ ಗಂಟಿನಿಂದ ದೂರ. ಆಸಿಡ್ ಚೆಲ್ಲಿದರೆ ಇಳಕಲ್ ಸೀರೆ ಉಳಿಯುವುದಿಲ್ಲ.

ಗಾಡಿ ಕತ್ತಲಾದ ಮೇಲೆ ಹೊರಟಿತು. ಹುನಗುಂದ, ಕುಷ್ಟಗಿ, ಹೊಸಪೇಟೆ, ಚಿತ್ರದುರ್ಗ. ಹಿರಿಯೂರಿನಿಂದ ಹುಳಿಯಾರು, ನಾಗಮಂಗಲ, ಶ್ರೀರಂಗಪಟ್ಟಣದ ಮೇಲೆ ನೇರ ಮೈಸೂರು. ಬೆಂಗಳೂರಿನ ತಂಟೆಯೇ ಇಲ್ಲ. ಬಾಡಿಗೆಯಲ್ಲಿ ಅರ್ಧ ಇಲ್ಲಿ ಕೊಟ್ಟಿದ್ದೆ, ಉಳಿದರ್ಧ ಸಾಮಾನು ಇಳಿಸಿ ಪಟ್ಟಿ ಟಿಕ್ ಮಾಡಿದ ಮೇಲೆ. ತಿಜೋರಿಯ ಒಂದು ಮೂಲೆಯಲ್ಲಿ ಬಣ್ಣ ಕೆತ್ತಿತ್ತು, ಅಷ್ಟೇ.

ಒಟ್ಟು ಖರ್ಚು: ಗಾಡಿಗೆ 21,000, ಬಾಗಲಕೋಟೆಯಲ್ಲಿ ಹಮಾಲಿ 3,500, ಮೈಸೂರಿನಲ್ಲಿ ಮೊದಲ ಮಹಡಿಗೆ ಏರಿಸಿದ್ದಕ್ಕೆ 4,000, ಪ್ಲಾಸ್ಟಿಕ್, ಹಗ್ಗ, ಪೆಟ್ಟಿಗೆಗೆ 2,000, ಎರಡೂ ಕಡೆ ಬಡಿಗರಿಗೆ 1,500. ಅಲ್ಲಿಗೆ 32,000. ಬೈಕ್ ಬೇರೆ. ಹಮಾಲಿ ದರ ಮಾತ್ರ ಮೊದಲೇ ಮಾತಾಡಿ, ಮಹಡಿ ಎಷ್ಟು, ಲಿಫ್ಟ್ ಇದೆಯಾ ಅಂತ ಹೇಳಿಯೇ ಮಾತಾಡಿ. ಅರ್ಧ ಇಳಿಸಿದ ಮೇಲೆ ಚೌಕಾಸಿ ನಡೆಯುವುದಿಲ್ಲ.

ನಿಮ್ಮ ಆಫೀಸಿನವರು ಸಾಗಣೆ ಖರ್ಚು ಕೊಡುವುದಾದರೆ ಲೆಕ್ಕ ಬೇರೆ. ಅವರಿಗೆ ಜಿಎಸ್‌ಟಿ ಬಿಲ್ ಬೇಕು, ರಿಟರ್ನ್ ಗಾಡಿಯವನ ಹತ್ತಿರ ಅದು ಸಿಗುವುದು ಕಷ್ಟ. ಆಗ ನೇರ ಗಾಡಿ ಕೊಡುವ ಮೂವರ್ಸ್‌ನವರೇ ವಾಸಿ. ಮನೆಯಲ್ಲಿ ನಿಂತು ಲೋಡ್ ಮಾಡಿಸುವವರು ಯಾರೂ ಇಲ್ಲದಿದ್ದರೂ ಅಷ್ಟೇ. ಆದರೆ ಅದೇ ಗಾಡಿ ಕೊನೆತನಕ ಬರುತ್ತದೆ ಅನ್ನುವುದನ್ನು, ಗಾಡಿ ನಂಬರ್ ಸಮೇತ, ಕೊಟೇಶನ್ನಿನಲ್ಲಿ ಬರೆಸಿಕೊಂಡೇ ಅಡ್ವಾನ್ಸ್ ಕೊಡಿ.