ಬಾಗಿಲು ಹಾಕಿದ ಮೇಲೇ ಗೀಸರ್ ಬಣ್ಣ ಬಯಲಾಗಿದ್ದು

ಪೈಪಿಗೆ ಸೋಪ್ ನೀರು ಹಚ್ಚಿದೆ, ಗುಳ್ಳೆ ಬರಲಿಲ್ಲ, ಅಂದರೆ ಗ್ಯಾಸ್ ಸೋರುತ್ತಿಲ್ಲ, ಉರಿ ನೀಲಿ ಇದೆ, ಕೆಲಸ ಮುಗೀತು. ನಾನೂ ಆರೇಳು ವರ್ಷ ಹೀಗೇ ಗ್ಯಾಸ್ ಗೀಸರ್ ಫಿಟ್ ಮಾಡಿ ದುಡ್ಡು ಇಸಕೊಂಡವನೇ. ಆಮೇಲೆ ವಿಜಯನಗರದ ಒಂದು ಬಾಡಿಗೆ ಮನೆಯಲ್ಲಿ, ನಾನೇ ಹಾಕಿದ್ದ ಗೀಸರ್, ಹುಡುಗಿ ಬಚ್ಚಲಲ್ಲಿ ತಲೆ ಸುತ್ತಿ ಬಿದ್ದಳು. ಅಮ್ಮ ಬಾಗಿಲು ಒದ್ದು ಹೊರಗೆ ಎಳೆದದ್ದಕ್ಕೆ ಉಳಿದಳು. ಹೋಗಿ ನೋಡಿದರೆ ಉರಿ ನೀಲಿಯಾಗಿಯೇ ಇತ್ತು. ಇದ್ದ ಒಂದು ವೆಂಟಿಲೇಟರಿಗೆ ಸೊಳ್ಳೆ ಬರುತ್ತೆ ಅಂತ ಪ್ಲಾಸ್ಟಿಕ್ ಕವರ್ ತುರುಕಿದ್ದರು.

ಸೋರುವ ಗ್ಯಾಸಿಗಾದರೂ ವಾಸನೆ ಸೇರಿಸಿರುತ್ತಾರೆ. ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿದಾಗ ಹುಟ್ಟುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ (ಸಿಒ) ಅದೂ ಇಲ್ಲ. ಆ ಹುಡುಗಿಯನ್ನು ಬೀಳಿಸಿದ್ದು ಅದೇ ಇರಬೇಕು ಅನ್ನಿಸಿತು. ಅದನ್ನು ಅಳೆಯುವ ಸಿಒ ಮೀಟರ್ ತಂದೆ, 4,500ರ ಹತ್ತಿರ ಆಯ್ತು. "ಗುರು, ಇದಕ್ಕೆ ಯಾರು ಕಾಸು ಕೊಡ್ತಾರೆ?" ಅಂತ ಜೊತೆಯವನು ನಕ್ಕ. ಮೊದಲ ಹತ್ತು ಮನೆಯಲ್ಲಿ ಯಾರೂ ಕೊಡಲಿಲ್ಲ. ಮೀಟರ್ ಎಲ್ಲಾ ಕಡೆ ಸೊನ್ನೆ. ತಪ್ಪು ನನ್ನದೇ, ಬಾಗಿಲು ತೆಗೆದಿಟ್ಟು ನೋಡುತ್ತಿದ್ದೆ. ಬಾಗಿಲು ತೆಗೆದು ಯಾರು ಸ್ನಾನ ಮಾಡ್ತಾರೆ?

ಈಗ ಮನೆಯವರು ಸ್ನಾನಕ್ಕೆ ಹೋಗುವಾಗ ಹೇಗಿರುತ್ತೋ ಹಾಗೇ ಇಡುತ್ತೇನೆ, ಕವರ್ ಸಮೇತ. ಬಾಗಿಲ ಸಂದಿಗೆ ಕಾಲೊರೆಸು ಒತ್ತಿ, ನೀರು ಬಿಟ್ಟು, ನಾನು ಹೊರಗೆ. ಒಳಗೆ ಬೋರಲು ಹಾಕಿದ ಬಕೆಟ್ ಮೇಲೆ ಹಳೇ ಫೋನು, ವಿಡಿಯೋ ಕಾಲ್‌ನಲ್ಲಿ ಮೀಟರ್ ಕಾಣುತ್ತೆ. ಮೊದಲೆರಡು ಸಲ ಹಬೆಗೆ ಎಲ್ಲಾ ಮಬ್ಬು. ಅದಕ್ಕೇನು ಮಾಡ್ತೀನಿ, ಮೀಟರ್ ಯಾವ ಮೂಲೆಗೆ ತೂಗು ಹಾಕ್ತೀನಿ ಅನ್ನೋದು ನನ್ನ ಹತ್ರಾನೇ ಇರಲಿ, ಹೊಟ್ಟೆಪಾಡು.

ಹಾಗೆ ನೋಡಲು ಅದೇ ವಿಜಯನಗರದ ಮನೆಗೆ ಮತ್ತೆ ಹೋದೆ. ಮಾಲೀಕರು ಪಕ್ಕದಲ್ಲೇ ನಿಂತು "ಇಷ್ಟು ವರ್ಷ ಏನೂ ಆಗಿರಲಿಲ್ಲ ಕಣ್ರೀ" ಅನ್ನುತ್ತಿದ್ದರು. 5 ನಿಮಿಷ ಸೊನ್ನೆ. ಎಂಟನೇ ನಿಮಿಷಕ್ಕೆ 30 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 30 ಪಾಲು ಸಿಒ. ಹನ್ನೊಂದಕ್ಕೆ 100 ದಾಟಿ ಕೂಗತೊಡಗಿತು. 150 ಆದಾಗ ಹೊರಗಿನಿಂದಲೇ ಸಿಲಿಂಡರ್ ಬಂದ್ ಮಾಡಿದೆ. ಮಾಲೀಕರು ಮಾತು ನಿಲ್ಲಿಸಿದ್ದರು. ಆ ಬಚ್ಚಲಲ್ಲಿ ಹಿಡಿಯುವುದೇ ಸುಮಾರು 8 ಘನ ಮೀಟರ್ ಗಾಳಿ. ನಿಮಿಷಕ್ಕೆ 6 ಲೀಟರ್ ಕಾಯಿಸುವ ಗೀಸರ್ ಉರಿಯೋಕೆ ಕಾಲು ಗಂಟೆಗೆ ಹೆಚ್ಚುಕಡಿಮೆ 3 ಘನ ಮೀಟರ್ ಬೇಕು, ಬಿಟ್ಟ ಹೊಗೆಯೂ ಅಲ್ಲೇ ಸುತ್ತಿ ಮತ್ತೆ ಉರಿಗೇ ಸೇರುತ್ತೆ. ಎಕ್ಸಾಸ್ಟ್ ಫ್ಯಾನ್ ಸಾಕಲ್ವಾ ಅಂತಾರೆ. ಕರೆಂಟ್ ಹೋದರೆ?

ನಡುವೆ ಮಾಡಿದ ಪೆದ್ದು ಕೆಲಸಗಳೂ ಉಂಟು. ಹೊಗೆ ಯಾವ ಕಡೆ ಎಳೆಯುತ್ತೆ ನೋಡೋಣ ಅಂತ ಒಂದು ಹಿಡಿ ಊದುಬತ್ತಿ ಹಚ್ಚಿದೆ. ಗೀಸರ್ ಆನ್ ಮಾಡುವ ಮುಂಚೆಯೇ ಮೀಟರ್ ಏರಿತು, ಊದುಬತ್ತಿಯಿಂದಲೂ ಸಿಒ ಬರುತ್ತಲ್ಲ! ಇನ್ನೊಂದು ಮನೆಯಲ್ಲಿ ಅರ್ಧ ದಿನ ಹಾಳು. ಮೆಟ್ಟಿಲ ಕೆಳಗೆ ಇನ್ವರ್ಟರ್ ಬ್ಯಾಟರಿ ಚಾರ್ಜ್ ಆಗುತ್ತಿತ್ತು, ಅದು ಬಿಡುವ ಹೈಡ್ರೋಜನ್ನೂ ಈ ಮೀಟರಿಗೆ ಸಿಒ ಥರಾನೇ ಕಾಣುತ್ತೆ. ಮೇಸ್ತ್ರಿಯ ಲೆವೆಲ್ ಪೈಪನ್ನು (ನೀರು ತುಂಬಿದ ಪಾರದರ್ಶಕ ಪೈಪು) U ಆಕಾರಕ್ಕೆ ಬಗ್ಗಿಸಿ, ಒಂದು ತುದಿಗೆ ಗ್ಯಾಸ್ ಕೊಟ್ಟು ಪ್ರೆಶರ್ ಅಳೆಯಲೂ ಹೋದೆ. ರೆಗ್ಯುಲೇಟರ್ ಸರಿ ಇದ್ದರೆ ಎರಡೂ ಕಡೆಯ ನೀರಿಗೆ 30 ಸೆಂ.ಮೀ. ವ್ಯತ್ಯಾಸ ಬರಬೇಕು. ಮೊದಲ ಸಲ ಪೈಪ್ ಗಿಡ್ಡ ಆಗಿ ನೀರೆಲ್ಲ ನನ್ನ ಅಂಗಿ ಮೇಲೆ.

ವಿಜಯನಗರದ ಮನೆಯಲ್ಲಿ ಕೊನೆಗೆ ಗೀಸರನ್ನೇ ಹೊರಗಿನ ಯುಟಿಲಿಟಿಗೆ (ಬಟ್ಟೆ, ಪಾತ್ರೆ ತೊಳೆಯುವ ಜಾಗ) ಹಾಕಿ, ಬಿಸಿನೀರು ಮಾತ್ರ ಗೋಡೆ ತೂರಿಸಿ ಒಳಗೆ ತಂದೆ. ಗೆದ್ದೆ ಅಂದುಕೊಂಡರೆ ಬಚ್ಚಲಲ್ಲಿ ಮತ್ತೆ 20 ಚಿಲ್ಲರೆ ಪಿಪಿಎಂ! ಗೀಸರ್ ನೆತ್ತಿ ಮೇಲೇ ಬಚ್ಚಲ ವೆಂಟಿಲೇಟರ್, ಗಾಳಿ ಬೀಸಿದಾಗ ಹೊಗೆ ವಾಪಸ್ ಒಳಗೆ. ಮತ್ತೆ ಬಿಚ್ಚಿ ಎದುರುಗೋಡೆಗೆ ಹಾಕಿದೆ. 3,500ಕ್ಕೆ ಒಪ್ಪಿದ್ದ ಕೆಲಸ, ಪೈಪಿನ ದುಡ್ಡು ನನ್ನ ಕೈಯಿಂದಲೇ ಹೋಯ್ತು. ಆದರೆ 20 ನಿಮಿಷ ಉರಿಸಿದರೂ ಸೊನ್ನೆ, ಈ ಸಲ ಬಾಗಿಲು ಹಾಕಿಯೇ.

ಈಗ ತಿಂಗಳಿಗೆ ಹದಿನೈದು ಮನೆ ಸಿಗುತ್ತವೆ, ಟೆಸ್ಟಿಗೆ 600. ಅವತ್ತು ನಕ್ಕಿದ್ದ ಗೆಳೆಯ ಹೋದ ವಾರ ಫೋನ್ ಮಾಡಿ ಮೀಟರ್ ಒಂದು ದಿನಕ್ಕೆ ಕೊಡು ಅಂದ. ಕೊಡಲಿಲ್ಲ. ನಾನೇ ಹೋದೆ, 600 ಇಸಕೊಂಡೆ.