ಗೋವಿಂದ ಪೈಗಳ ಪುಟ, ನನ್ನ ಹತ್ತು ಸಾಲಿನ ಕೋಡ್

ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರ ಸೆಪ್ಟೆಂಬರಿನಲ್ಲಿ. ನಮ್ಮ ಕಾಯ್ದೆಯಂತೆ ಲೇಖಕರು ತೀರಿಹೋದ ಮರುವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಹಾಗಾಗಿ ಅವರು ಬದುಕಿದ್ದಾಗ ಅಚ್ಚಾದ ಬರಹವೆಲ್ಲ 2024ರ ಜನವರಿ 1ರಿಂದ ಎಲ್ಲರದ್ದು. ಕನ್ನಡ ವಿಕಿಸೋರ್ಸ್ ಎಂಬ ಮುಕ್ತ ಆನ್‌ಲೈನ್ ಪುಸ್ತಕಾಲಯದಲ್ಲಿ ಕರಡು ತಿದ್ದುತ್ತಿದ್ದ ನಾನು ಅವರ ಪುಟಗಳನ್ನು ಕೈಗೆತ್ತಿಕೊಂಡೆ. ಆಮೇಲಿನ ಸಂಪಾದಕರ ಮುನ್ನುಡಿ, ಟಿಪ್ಪಣಿಗಳನ್ನು ಮಾತ್ರ ಮುಟ್ಟಲಿಲ್ಲ, ಅವುಗಳ ಹಕ್ಕಿನ ಲೆಕ್ಕ ಬೇರೆ.

ಸ್ಕ್ಯಾನ್ ಮಾಡಿದ ಪುಟವನ್ನು ಒಸಿಆರ್ ಎಂಬ ತಂತ್ರಾಂಶ ಓದಿ ಅಕ್ಷರ ಮಾಡಿಕೊಡುತ್ತದೆ. ಅದರದ್ದೊಂದು ಉಪದ್ರ: ಅನುಸ್ವಾರ ಇರಬೇಕಾದಲ್ಲಿ ಕನ್ನಡದ ಸೊನ್ನೆ ಕೂತಿರುತ್ತದೆ. 'ಅಂಬರ', 'ಅ೦ಬರ' ಎರಡೂ ಕಣ್ಣಿಗೆ ಒಂದೇ, ಹುಡುಕಿದರೆ ಮಾತ್ರ ಎರಡನೆಯದು ಸಿಗುವುದಿಲ್ಲ. ಇದಕ್ಕೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಹತ್ತು ಸಾಲು ಕೋಡ್ ಬರೆದೆ. ಸೊನ್ನೆಯ ಹಿಂದೆ ಅಕ್ಷರವೋ ಸ್ವರಚಿಹ್ನೆಯೋ ಇದ್ದರೆ ಅನುಸ್ವಾರ ಮಾಡು, ಅಂಕಿ ಇದ್ದರೆ ಬಿಡು. ೧೦, ೨೦ ಹಾಗೆಯೇ ಉಳಿಯುತ್ತವೆ.

ಅದನ್ನು ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ತಾಣಕ್ಕೆ ಹಾಕುವಾಗ, ಯಾರು ಬೇಕಾದರೂ ಬಳಸಲು ಬಿಡುವ ಎಂಐಟಿ ಲೈಸೆನ್ಸ್ ಸೇರಿಸಿದೆ. ಲೈಸೆನ್ಸ್ ಇಲ್ಲದ ಕೋಡನ್ನು ಜನ ಓದಬಹುದು, ತಮ್ಮ ಕೆಲಸಕ್ಕೆ ಬಳಸುವ ಹಕ್ಕು ಅವರಿಗೆ ಬರುವುದಿಲ್ಲ. ಹಂಚಿಕೊಂಡೆ ಎಂದುಕೊಂಡು ಸುಮ್ಮನಿರುವವರೇ ಹೆಚ್ಚು! ಜತೆಗೆ ಕನ್ನಡದಲ್ಲೇ ಒಂದು ರೀಡ್‌ಮಿ ಬರೆದೆ: ಹೇಗೆ ಓಡಿಸುವುದು, ಏನೇನು ಇನ್ನೂ ಆಗಿಲ್ಲ. ಕೋಡಿಗಿಂತ ಅದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಆದರೆ ಆ 'ಆಗಿಲ್ಲ' ಪಟ್ಟಿ ನೋಡಿಯೇ ಗುರುತಿಲ್ಲದ ಒಬ್ಬರು ಹೊಸ ನಿಯಮ ಕಳುಹಿಸಿದರು: 'ರಾಜ್‌ಕುಮಾರ್' ಎಂಬಲ್ಲಿ ಕಾಣದೆ ಕೂತಿರುವ ಅಕ್ಷರವನ್ನು ಅಳಿಸದಂತೆ ಕಾಯುವುದು. ಅದು ಹೋದರೆ 'ರಾಜ್ಕುಮಾರ್' ಆಗಿಬಿಡುತ್ತದೆ.

ಪುಸ್ತಕ ಬರೆಯುವವರಲ್ಲಿ ಲೈಸೆನ್ಸಿನ ಈ ಪಾಠ ಅಷ್ಟು ಸಲೀಸಾಗಿ ನಡೆಯುವುದಿಲ್ಲ. ಕಾಸರಗೋಡಿನ ಬದಿಯಡ್ಕದ ಕಡೆಯ ನಿವೃತ್ತ ಮಾಷ್ಟ್ರೊಬ್ಬರಿಗೆ ಅವರ ಹಳೆಯ ಪ್ರಬಂಧ, ಕತೆಗಳ ಪುಸ್ತಕಗಳನ್ನು, ಯಾರು ಬೇಕಾದರೂ ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲಿ ಕೊಡಿ ಎಂದೆ.

"ನನ್ನ ಹೆಸರು ತೆಗೆದು ಯಾರಾದ್ರೂ ಅಚ್ಚು ಹಾಕಿದ್ರೆ ಎಂತ ಮಾಡುದು?"

"ಹೆಸರು ತೆಗೀಲಿಕ್ಕಿಲ್ಲ ಮಾಷ್ಟ್ರೇ. ಆದ್ರೆ ಅಚ್ಚು ಹಾಕಿ ಮಾರ್ಬಹುದು, ನಿಮ್ಮನ್ನು ಕೇಳ್ಬೇಕೂಂತ ಇಲ್ಲ."

"ಹಾಗಾದ್ರೆ ನಂಗೆಂತ ಸಿಕ್ಕಿತು?"

ಸುಳ್ಳು ಹೇಳಿ ಒಪ್ಪಿಸುವ ಮನಸ್ಸಿರಲಿಲ್ಲ. ಒಮ್ಮೆ ಕೊಟ್ಟರೆ ಹಿಂದೆ ತೆಗೆದುಕೊಳ್ಳುವಂತಿಲ್ಲ ಎಂಬುದನ್ನೂ, ಮಾರಬಾರದು ಎಂಬ ಷರತ್ತು ಹಾಕಿದರೆ ವಿಕಿಸೋರ್ಸ್ ಸ್ವೀಕರಿಸುವುದಿಲ್ಲ ಎಂಬುದನ್ನೂ ಹೇಳಿಯೇ ಬಂದೆ. ಕಡೆಗೆ ಅವರೇ ಫೋನ್ ಮಾಡಿದರು: ಮಾರುಕಟ್ಟೆಯಲ್ಲಿ ಸಿಗದ ಪ್ರಬಂಧಗಳನ್ನು ಕೊಡುತ್ತೇನೆ, ಕತೆಗಳನ್ನು ಇಲ್ಲ. ನನಗದು ಸರಿಯೆನಿಸಿತು. ಎಲ್ಲವನ್ನೂ ಕೊಡಲೇಬೇಕೆಂದು ಬರಹಗಾರರ ಬೆನ್ನು ಹತ್ತುವವರನ್ನು ಕಂಡರೆ ನನಗಾಗದು.

ಒಪ್ಪಿಗೆಯ ಇಮೇಲನ್ನು ಅವರ ಮೊಮ್ಮಗಳು ಟೈಪ್ ಮಾಡಿದಳು. ಅವಳು ಓದುವುದು ಅಲ್ಲೇ ಕನ್ನಡ ಮಾಧ್ಯಮದಲ್ಲಿ; ಕೇರಳದ ಶಾಲೆಗಳ ಕಂಪ್ಯೂಟರುಗಳಲ್ಲಿ ಇರುವುದು ಮುಕ್ತ ತಂತ್ರಾಂಶ ಲಿನಕ್ಸ್, ಹಾಗಾಗಿ ಅದು ಅವಳಿಗೆ ಹೊಸತಲ್ಲ. ವಿಕಿಸೋರ್ಸ್‌ನಲ್ಲಿ ಒಬ್ಬರು ತಿದ್ದಿದ ಪುಟ ಹಳದಿಯಾಗುತ್ತದೆ, ಅದನ್ನು ಹಸಿರು ಮಾಡಲು ಬೇರೆಯವರೇ ಬೇಕು. ನಾನು ಹಳದಿ ಮಾಡಿಟ್ಟ ಪೈಗಳ ಪುಟಗಳನ್ನು ಈಗ ಅಜ್ಜ ಗಟ್ಟಿಯಾಗಿ ಓದುತ್ತಾರೆ, ಅವಳು ಸ್ಕ್ಯಾನ್ ನೋಡಿ ಒತ್ತಕ್ಷರ ತಾಳೆ ಹಾಕುತ್ತಾಳೆ.